ಒಂದೇ ಉಸಿರಿಗೆ ಐವತ್ತು

ಐವತ್ತು! ಒಂದೇ ಉಸಿರಿಗೆ ಐವತ್ತರವರೆಗೆ ಎಣಿಸಿದೆ ಕಣೇ ಅಕ್ಕ, ಡಾಕ್ಟರಮ್ಮನ ಮುಂದೆ. ಕಣ್ಣು ಮೇಲೆತ್ತಿ ಒಂದು ನಿಮಿಷ ಚಾವಣಿ ನೋಡಿ ಅಂದ್ರು, ನೋಡಿದೆ. ರೆಪ್ಪೆ ಒಂಚೂರೂ ಇಳೀಲಿಲ್ಲ. ನೀನು ಹೊರಗೆ ಬೆಂಚಿನ ಮೇಲೆ ಉಗುರು ಕಡೀತಾ ಕೂತಿದ್ದೆ, ಪಾಪ... ಯಾಕೆ ನಗ್ತೀಯ? ಕಡೀತಿರಲಿಲ್ವಾ?

ನೀರು ಅಲ್ಲೇ ಇಡು. ಆಮೇಲೆ ಕುಡೀತೀನಿ.

ಕಾಯಿಲೆ ಹೆಸರು ಮಯಸ್ತೇನಿಯಾ ಗ್ರೇವಿಸ್. ಯಾವುದೋ ವಿಮಾನ ನಿಲ್ದಾಣದ ಹೆಸರಿದ್ದ ಹಾಗಿದೆ, ಅಲ್ವಾ? ನರ ಹೇಳಿದ್ದು ಸ್ನಾಯುವಿಗೆ ಕೇಳಿಸಲ್ಲವಂತೆ. ನಮ್ಮ ಮನೇಲಿ ಯಾರು ಹೇಳಿದ್ದು ಯಾರಿಗೆ ಕೇಳಿಸಿದೆ!

ಚಿಕಿತ್ಸೆ ಎಲ್ಲ ಬಿಡಿಸಿ ಹೇಳಿದ್ರು. ನಾಲ್ಕು ಗಂಟೆಗೊಂದು ಮಾತ್ರೆ, ಅದು ಬರೀ ತೇಪೆ, ಹೆಚ್ಚಾದ್ರೆ ಹೊಟ್ಟೆ ಹಿಂಡುತ್ತಂತೆ. ಸ್ಟೀರಾಯ್ಡ್ ತಗೊಂಡ್ರೆ ಮುಖ ಊದಿ, ಪಾಸ್‌ಪೋರ್ಟಿನ ಫೋಟೋಗೂ ನನಗೂ ಸಂಬಂಧವೇ ಇರಲ್ಲ. ರಕ್ತ ಹೊರಗೆ ತೆಗೆದು, ಕೆಟ್ಟದ್ದನ್ನು ಸೋಸಿ ಮತ್ತೆ ಒಳಗೆ ಬಿಡೋದು ಇನ್ನೊಂದು. ಲಾಂಡ್ರಿಗೆ ಕೊಟ್ಟ ಹಾಗೆ. ಆಮೇಲೆ ಆಪರೇಷನ್, ಎದೆಮೂಳೆ ಹಿಂದಿನ ಗ್ರಂಥಿ ತೆಗೆಯೋದು. ಉಸಿರಾಟಕ್ಕೆ ಬಂದ್ರೆ ಗಂಟಲಿಗೆ ಕೊಳವೆ... ಅದಕ್ಕೇ ಇವತ್ತಿನ ಪರೀಕ್ಷೆ. ಸೋತಿದ್ರೆ ಅಲ್ಲೇ ಅಡ್ಮಿಟ್, ಹೀಗೆ ಮನೆಗೆ ಬರ್ತಿರಲಿಲ್ಲ. ಸೋಲಲಿಲ್ಲ. 'ಸದ್ಯಕ್ಕೆ ಮಾತ್ರೆ ಸಾಕು, ಪ್ರವಾಸಕ್ಕೆ ಹೋಗಿಬನ್ನಿ' ಅಂದ್ರು.

ಗುರುವಾರ ವಿಮಾನ. ನಲವತ್ತೆರಡು ಜನ, ಅದರಲ್ಲಿ ಅರ್ಧ ಅಜ್ಜಿಯರು, ನನ್ನ ಹಳದಿ ಕೊಡೆ ನೋಡ್ಕೊಂಡು ಹಿಂದೆ ಬರ್ತಾರೆ. ಇಪ್ಪತ್ತು ವರ್ಷ ಟೂರ್ ಗೈಡಾಗಿ ಆ ಕೊಡೆ ಎತ್ತಿ ಹಿಡಿದ ಕೈ ಇದು. ಈ ಸಲ ನಾನು ಹೋಗದಿದ್ರೆ ಕೊಡೆ ಇನ್ನೊಬ್ಬಳ ಕೈಗೆ. ಬೇಜಾರಾ? ಇಲ್ಲಪ್ಪ. ಏನೂ ಅನ್ನಿಸ್ತಿಲ್ಲ. ನಿಜವಾಗ್ಲೂ ಏನೂ ಅನ್ನಿಸ್ತಿಲ್ಲ.

ಗದ್ದಕ್ಕೆ ಕೈ ಕೊಟ್ಟಿದ್ದೀನಾ? ಅಭ್ಯಾಸ ಅದು. ಆ ಟಿಶ್ಯೂ ಕೊಡು... ಬೆಳಿಗ್ಗೆಯೆಲ್ಲ ಹೊಟ್ಟೆ ಹಿಂಡ್ತು. ಆಸ್ಪತ್ರೆ ಕಾಫಿ ಇರಬೇಕು. ಹಾಗೆ ನೋಡ್ಬೇಡ್ವೇ.

ಏನು ತೆಗೀತಿದ್ದೀಯ ಚೀಲದಿಂದ? ಓ... ಮಾತ್ರೆ ಸ್ಟ್ರಿಪ್ಪಾ. ಪರೀಕ್ಷೆ ಮುಗಿಯೋವರೆಗೆ ತಗೋಬಾರದು ಅಂತ ನರ್ಸ್ ನಿನ್ನ ಕೈಗೇ ಕೊಟ್ಟಿದ್ರು, ಗೊತ್ತು. ನೀನು ಪಾರ್ಕಿಂಗ್ ಚೀಟಿ ತರೋಕೆ ಹೋದಾಗ ಚೀಲ ನನ್ನ ಹತ್ತಿರ ಇತ್ತು. ಅದೂ ಗೊತ್ತು. ಹಾಗಂತ...?

ಖಾಲಿ ಗುಳಿ ಮೇಲೆ ಬೆರಳಿಟ್ಟು ತೋರಿಸ್ಬೇಡ. ಮೊದಲೇ ಹಾಗಿತ್ತೋ ಏನೋ. ಬೈಯಿ. ಚಿಕ್ಕಂದಿನಲ್ಲಿ ಜಡೆ ಹಿಡಿದು ಎಳೀತಿದ್ದೆ, ಈಗೇನಾಯ್ತು ನಿಂಗೆ?

ಸರಿ. ಎಣಿಸ್ತೀನಿ. ನಿನ್ನ ಮುಂದೇನೇ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು... ಎಂಟು... ಒಂಬತ್ತು... ಹತ್ತು... ಹನ್ನೊಂ...

ತಾಳು, ಹೊರಗೆ ಯಾರೋ ಹಾರನ್ ಹೊಡೆದ್ರು. ಇನ್ನೊಂದ್ಸಲ. ಒಂದು, ಎರಡು, ಮೂರು... ನಾಲ್ಕು... ಐದು...

...

ಕಾರಿನ ಕೀ ಹುಡುಕ್ತಿದ್ದೀಯಾ? ಕೊಡೆ ಪಕ್ಕ ಇದೆ.

ಎರಡು ಮಾತ್ರೆ, ಅಕ್ಕ. ಆಸ್ಪತ್ರೆ ಟಾಯ್ಲೆಟ್ಟಿನಲ್ಲಿ. ನಲ್ಲಿ ನೀರಲ್ಲೇ ನುಂಗಿದೆ. ಬೆಳಿಗ್ಗೆ... ನುಂಗೋಕೆ ಆಗ್ತಿತ್ತು.