ಮತ ಹಾಕಿದ ಮಾರನೇ ದಿನ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ನಮ್ಮ ಟೀಚರ್ ಅವರ ಯಜಮಾನರಿಗೆ — ಇಲ್ಲಿರುವ ಅರ್ಧ ಜನರ ಅಳತೆ ಅವರಿಗೆ ಗೊತ್ತು, ನಮ್ಮೆಲ್ಲರ ಟೈಲರ್ ಅವರು — ಅವರ ತಾಯಿಗೆ, ನರ್ಸಿಂಗ್ ಕಾಲೇಜಿನಿಂದ ಬಂದಿರುವ ಮಗಳಿಗೆ, ಪುರಸಭೆಯ ಅಧ್ಯಕ್ಷರಿಗೆ, ನನ್ನ ಸಹೋದ್ಯೋಗಿಗಳಿಗೆ, ಇಂದಿನ ಮತ್ತು ಹಿಂದಿನ ವಿದ್ಯಾರ್ಥಿಗಳಿಗೆ, ಕುರ್ಚಿ ಸಿಗದೆ ಕಿಟಕಿಯ ಮೇಲೆ ಹತ್ತಿ ಕುಳಿತಿರುವವರಿಗೂ ನನ್ನ ನಮಸ್ಕಾರ. ಕಿಟಕಿಯವರೇ, ಸ್ವಲ್ಪ ಹುಷಾರಾಗಿರಿ.

ನಾನು ಈ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಇವತ್ತು ನಾವು ನೆನೆಯಲು ಸೇರಿರುವ ಟೀಚರ್ ಪೌರನೀತಿ ಕಲಿಸುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಇಬ್ಬರಿಗೂ ಒಂದೇ ಮೇಜು. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಅದಕ್ಕೋ ಏನೋ, ಬಾಯಿ ತೆರೆಯುವ ಮುಂಚೆ ಪ್ರತಿ ಪದವನ್ನೂ ಒಳಗೇ ಒಮ್ಮೆ ತೂಗಿ ನೋಡುತ್ತೇನೆ. ಅವರು ನನಗೆ 'ತಕ್ಕಡಿ' ಎಂದೇ ಹೆಸರಿಟ್ಟಿದ್ದರು. "ಏನೇ ತಕ್ಕಡಿ, ಇವತ್ತು ಯಾವ ಕಡೆ ವಾಲಿದ್ದೀಯ?" ಎನ್ನುತ್ತ ಚೀಲವನ್ನು ಮೇಜಿನ ಮೇಲೆ ಧೊಪ್ಪನೆ ಇಡುತ್ತಿದ್ದರು. ಇವತ್ತು ತೂಗದೆ ಮಾತಾಡಬೇಕೆಂದಿದ್ದೇನೆ. ಆಗುತ್ತದೋ ಇಲ್ಲವೋ, ನೋಡೋಣ.

ಹೇಳಬೇಕಾಗಿರುವುದು ಒಂದೇ ಸಂಗತಿ — ರೈಲು ಹಳಿಯ ಮೇಲೆ ಒಂದು ಕಾಲುಸೇತುವೆ.

ಶಾಲೆಯ ಹಿಂದೆ ಹಳಿ ಇದೆ, ಹಳಿಯ ಆಚೆ ಮಿಲ್ಲಿನ ಬೀದಿಗಳಿವೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಬರುವುದು ಅಲ್ಲಿಂದ. ಟೀಚರ್ ಮನೆಯೂ ಅಲ್ಲೇ. ಗೂಡ್ಸ್ ಗಾಡಿಗಳು ಸಿಗ್ನಲ್ಲಿಗೆ ಕಾಯುತ್ತ ಅಲ್ಲಿ ಗಂಟೆಗಟ್ಟಲೆ ನಿಲ್ಲುತ್ತವೆ. ಹಳಿ ದಾಟುವ ರಸ್ತೆಯ ಗೇಟು ದೂರ. ಹಾಗಾಗಿ ಮಕ್ಕಳು ಏನು ಮಾಡುತ್ತಾರೆ? — ಇಲ್ಲಿರುವ ತಾಯಂದಿರಿಗೆ ಗೊತ್ತು. ಬಗ್ಗಿ, ಚೀಲವನ್ನು ಮುಂದಕ್ಕೆ ತಳ್ಳಿ, ವ್ಯಾಗನ್ನಿನ ಅಡಿಯಲ್ಲಿ ನುಸುಳುತ್ತಾರೆ. ಒಂದು ಬೆಳಿಗ್ಗೆ ಒಬ್ಬ ಹುಡುಗಿ ಈಚೆ ಬಂದು ಚೀಲಕ್ಕೆ ಕೈ ಚಾಚಿದಳು, ಗಾಡಿ ಜಗ್ಗಿತು. ಹುಡುಗಿ ಉಳಿದಳು. ಚೀಲ ಎರಡಾಯಿತು. ಅವಳು ತುಂಡಾದ ಚೀಲವನ್ನೇ ಹಿಡಿದು ಪೌರನೀತಿ ತರಗತಿಗೆ ಬಂದು ಕೂತಳು.

ಆ ದಿನದ ಪಾಠ ಸ್ಥಳೀಯ ಸರ್ಕಾರ. ಪುಸ್ತಕದಲ್ಲಿ ಒಂದು ವಾಕ್ಯವಿದೆ: ಪುರಸಭೆಯ ಸಭೆಗಳಿಗೆ ಸಾರ್ವಜನಿಕರಿಗೆ ಪ್ರವೇಶವಿರುತ್ತದೆ. ನಾನು ಪಕ್ಕದ ತರಗತಿಯಲ್ಲಿದ್ದೆ, ನಡುವೆ ಇರುವುದು ಹಲಗೆಯ ಗೋಡೆ, ಎಲ್ಲ ಕೇಳಿಸುತ್ತದೆ.

ಚೀಲದ ಹುಡುಗಿ ಎದ್ದು ಕೇಳಿದಳು. "ಟೀಚರ್, ಯಾರಾದ್ರೂ ಹೋಗಿದ್ದಾರಾ?"

"ಎಲ್ಲಿಗೆ?"

"ಈ ಸಭೆಗೆ. ಪ್ರವೇಶ ಇದೆ ಅಂತೀರಲ್ಲ. ನೀವು ಹೋಗಿದ್ದೀರಾ?"

ನಾನು ಇಂಗ್ಲಿಷ್ ವ್ಯಾಕರಣ ನಿಲ್ಲಿಸಿ ಕಿವಿಗೊಟ್ಟೆ.

"ಇಲ್ಲ ಕಣೇ," ಎಂದರು ಟೀಚರ್. "ನಾನೂ ಹೋಗಿಲ್ಲ. ಹೋಗಿ ನೋಡ್ಬಿಡೋಣ."

ಹೋದರು. ಪುರಸಭೆಯ ಜವಾನರು ಇಲ್ಲೇ ಎಲ್ಲೋ ನಿಂತಿದ್ದಾರೆ, ಅವರೇ ಸಾಕ್ಷಿ. "ಗ್ಯಾಲರಿನಾ? ಯಾವ ಗ್ಯಾಲರಿ ತಾಯಿ? ಅಲ್ಲಿ ಮುರಿದ ಕುರ್ಚಿ ಇಟ್ಟಿದ್ದೀವಿ" ಎಂದರಂತೆ. ಸಾರ್ವಜನಿಕರಿಗಾಗಿ ಕಟ್ಟಿದ ಜಾಗದಲ್ಲಿ ಮುರಿದ ಕುರ್ಚಿಗಳು, ಹರಿದ ಬ್ಯಾನರುಗಳು, ಒಂದು ಪಾರಿವಾಳದ ಸಂಸಾರ. ಮಕ್ಕಳು ಕುರ್ಚಿಗಳನ್ನೆಲ್ಲ ಕೆಳಗಿಳಿಸಿದರು, ಗುಡಿಸಿದರು, ನೆಲದ ಮೇಲೆ ಕೂತರು. ಪಾರಿವಾಳವನ್ನು ಎಬ್ಬಿಸಲಿಲ್ಲ. "ಅದೂ ಸಾರ್ವಜನಿಕರೇ" ಎಂದರಂತೆ ಟೀಚರ್.

ಕೆಳಗೆ ಸಭೆ ನಡೆಯುತ್ತಿತ್ತು. ಒಬ್ಬ ಸದಸ್ಯರು ಮೇಲೆ ನೋಡಿದರು, ಮೇಜಿನ ಮೇಲಿಟ್ಟಿದ್ದ ಕಾಲನ್ನು ಮೆಲ್ಲಗೆ ಕೆಳಗಿಳಿಸಿದರು. — ಅಧ್ಯಕ್ಷರು ನಗುತ್ತಿದ್ದಾರೆ. ಹೆಸರು ಹೇಳುವುದಿಲ್ಲ, ಹೆದರಬೇಡಿ.

ಆಮೇಲೆ ಪ್ರತಿ ತಿಂಗಳೂ ಹೋದರು. ಟೀಚರ್ ಅವರ ಅತ್ತೆಯವರೂ ಹೋದರು. ಅಮ್ಮಾ, ಹೇಳಲಾ? ಹೇಳಿಬಿಡುತ್ತೇನೆ. ಆಯವ್ಯಯದ ಚರ್ಚೆಯ ನಡುವೆ ಅಮ್ಮ ಹೊಡೆದ ಗೊರಕೆಗೆ ಇಡೀ ಸಭೆ ಮಾತು ನಿಲ್ಲಿಸಿ ಮೇಲೆ ನೋಡಿತಂತೆ. "ಅಷ್ಟು ಸಪ್ಪೆಯಾಗಿ ಮಾತಾಡಿದ್ರೆ ಇನ್ನೇನು ಮಾಡ್ಲಿ?" — ಇದು ಅಮ್ಮನ ಸಮಜಾಯಿಷಿ.

ಕಾಲುಸೇತುವೆಯ ವಿಷಯ ಸಭೆಗೆ ಬಂತು. ಸೋತಿತು. ಅದೇ ದಿನ ಪಟ್ಟಣದ ಬಾಗಿಲಿಗೆ ಸ್ವಾಗತ ಕಮಾನು ಕಟ್ಟಬೇಕೆಂಬ ನಿರ್ಣಯ ಗೆದ್ದಿತು. ಹುಡುಗಿ ಮೆಟ್ಟಿಲ ಮೇಲೆ ಕೂತು ಅತ್ತಳು. "ನಮ್ಗೆ ವೋಟಿಲ್ಲ ಟೀಚರ್. ವೋಟು ಬರೋವರೆಗೂ ರೈಲಿನ ಅಡೀಲೇ ನುಗ್ತಾ ಇರ್ಬೇಕಾ?"

ನಾನಾಗಿದ್ದರೆ ತಲೆ ಸವರುತ್ತಿದ್ದೆ. ಟೀಚರ್ ಸವರಲಿಲ್ಲ. ಕರ್ಚೀಫು ಕೊಟ್ಟರು. "ಅತ್ತು ಮುಗಿಸು. ಆಮೇಲೆ ಬೇಡ ಅಂದೋರ ಮನೆಗೆ ಹೋಗು. ಜಗಳ ಆಡ್ಬೇಡ. ಯಾಕೆ ಬೇಡ ಅಂದ್ರಿ ಅಂತ ಕೇಳ್ಕೊಂಡು ಬಾ."

ಹೋದಳು. ಕಾಲು ಇಳಿಸಿದ್ದ ಸದಸ್ಯರೇ ಪ್ರಾಮಾಣಿಕವಾಗಿ ಉತ್ತರ ಕೊಟ್ಟರು: "ನಿಮ್ಮ ಬೀದಿಯೋರು ವೋಟೇ ಹಾಕಲ್ಲ ಮಗಳೇ. ಸೇತುವೆ ಕಟ್ಟಿ ನಾನು ಯಾರಿಗೆ ತೋರಿಸ್ಲಿ?"

ಕಹಿ ಮಾತು. ಆದರೆ ನಿಜ. ಮತಗಟ್ಟೆ ನಮ್ಮ ಶಾಲೆಯಲ್ಲಿ, ಹಳಿಯ ಈಚೆ. ಆಚೆಯ ಮುದುಕರು ವ್ಯಾಗನ್ನಿನ ಅಡಿಯಲ್ಲಿ ನುಸುಳಿ ಮತ ಹಾಕಬೇಕೆ? ಹಾಕುತ್ತಿರಲಿಲ್ಲ. ಹಾಕದಿದ್ದುದಕ್ಕೆ ಸೇತುವೆ ಬರಲಿಲ್ಲ, ಸೇತುವೆ ಬರದಿದ್ದುದಕ್ಕೆ ಹಾಕಲಿಲ್ಲ.

ಈ ಹೊತ್ತಿಗೆ ನನಗೂ ಅವರಿಗೂ ಜಗಳ ಹತ್ತಿತ್ತು. ನಾನು ಕೇಳುತ್ತಿದ್ದೆ — ಇದು ಪಾಠವಾ, ಚಳವಳಿಯಾ? ಮಕ್ಕಳನ್ನು ನಾವು ಬಳಸಿಕೊಳ್ಳುತ್ತಿಲ್ಲ ತಾನೆ? ಈ ಪ್ರಶ್ನೆಯನ್ನು ನಾನು ಇಂದಿಗೂ ಬಿಟ್ಟಿಲ್ಲ, ಬಿಡಬಾರದು ಎಂದುಕೊಂಡಿದ್ದೇನೆ. ಅವರು ಸಿಟ್ಟಾಗಲಿಲ್ಲ. ಮರುದಿನ ತರಗತಿಯಲ್ಲಿ ಸೇತುವೆಯ ವಿರುದ್ಧ ಮಾತಾಡಲು ಯಾರಿದ್ದೀರಿ ಎಂದು ಕೇಳಿದರು. ಒಬ್ಬ ಎದ್ದ. ಮಕ್ಕಳು ಅವನನ್ನು ವಕೀಲ ಎನ್ನುತ್ತಾರೆ. "ಸೇತುವೆ ಬೇಕು. ಆದ್ರೆ ರೈಲು ರೈಲ್ವೆಯವರದು, ಹಳಿ ಅವರದು. ಅವರು ಕಟ್ಟಲಿ. ನಮ್ಮ ಊರಿನ ಹಣ ಯಾಕೆ?" ಮಕ್ಕಳು ಹೋ ಎಂದು ಕೂಗಿದರು. ಟೀಚರ್ ಮೇಜು ಕುಟ್ಟಿ ಸುಮ್ಮನಾಗಿಸಿದರು. ಮಿಕ್ಕವರಿಗೆ ಎಷ್ಟು ಸಮಯವೋ ಅಷ್ಟೇ ಸಮಯ ಅವನೊಬ್ಬನಿಗೆ ಕೊಟ್ಟರು. ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತ ನನ್ನ ಕಡೆ ನೋಡಿ, "ಏನೇ ತಕ್ಕಡಿ, ಈಗ ಮುಳ್ಳು ನಡುವೆ ನಿಂತಿತಾ?" ಎಂದರು.

ಪುರಸಭೆಯ ಚುನಾವಣೆ ಬಂತು. ಮಕ್ಕಳು ಮನೆಮನೆಗೆ ಹೋದರು. ಯಾರಿಗೆ ಹಾಕಿ ಎಂದು ಹೇಳಕೂಡದು, ಇದು ಟೀಚರ್ ಹಾಕಿದ್ದ ಒಂದೇ ಕಟ್ಟಳೆ. ಬನ್ನಿ ಎಂದಷ್ಟೇ ಹೇಳಬೇಕು. ಬೈಸಿಕೊಂಡರು. "ಬೇರೆ ಕೆಲಸ ಇಲ್ವಾ ನಿಮ್ಗೆ?" "ಹಾಕಿ ಹಾಕಿ ಸಾಕಾಯ್ತು, ಯಾವನು ಉದ್ಧಾರ ಮಾಡಿದ?" ಆದರೂ ಹಲವರು ಬರುತ್ತೇವೆಂದರು.

ಮತದಾನದ ಬೆಳಿಗ್ಗೆ — ನಂಬಿ, ನಾನು ಈ ಶಾಲೆಯ ಮಹಡಿಯಿಂದ ಕಣ್ಣಾರೆ ನೋಡಿದೆ — ಹಳಿಯ ಮೇಲೆ ಗೂಡ್ಸ್ ಗಾಡಿ ಬಂದು ನಿಂತಿತು. ಉದ್ದಕ್ಕೂ. ತಲೆ ಕಾಣಿಸದು, ಬಾಲ ಕಾಣಿಸದು. ಆಚೆ ಮುದುಕರು, ಗರ್ಭಿಣಿಯರು, ಕೋಲು ಹಿಡಿದವರು. ಟೀಚರ್ ಸ್ಟೇಷನ್ ಮಾಸ್ಟರ ಹತ್ತಿರ ಓಡಿದರು. "ಸಿಗ್ನಲ್ ಇಲ್ಲಮ್ಮ, ನಾನೇನು ಹೆಗಲ ಮೇಲೆ ಹೊತ್ತು ಸರಿಸ್ಲಾ?" ಎಂದರಂತೆ ಅವರು. ಜನ ಒಬ್ಬೊಬ್ಬರೇ ಮನೆ ಕಡೆ ತಿರುಗತೊಡಗಿದ್ದರು. ಮುಗಿಯಿತು ಎಂದುಕೊಂಡೆ.

ಆಗ ಯಾರೋ ತರಕಾರಿ ತಳ್ಳುಗಾಡಿ ತಂದರು. ಯಾರೆಂದು ಇಂದಿಗೂ ತಕರಾರಿದೆ, ಎಲ್ಲರೂ ನಾನೇ ಎನ್ನುತ್ತಾರೆ. ಅದರ ಹಿಂದೆ ಇನ್ನೊಂದು. ಇಸ್ತ್ರಿಯವರ ಗಾಡಿ. ಹಳೇ ಪೇಪರಿನವರ ಗಾಡಿ. ಹೊಲಿಗೆ ಯಂತ್ರ ಕೆಳಗಿಳಿಸಿ ನಮ್ಮ ಟೈಲರ್ ತಂದ ಗಾಡಿ. ಮುದುಕರನ್ನು ಹತ್ತಿಸಿಕೊಂಡು ದೂರದ ಗೇಟು ಸುತ್ತಿ ಮಕ್ಕಳು ತಳ್ಳಿದರು — ತಳ್ಳಿಯೇ ತಳ್ಳಿದರು. ವಕೀಲನೂ ತಳ್ಳಿದ. ಮೊದಲ ಗಾಡಿಯ ಮೇಲೆ ಛತ್ರಿ ಬಿಚ್ಚಿಕೊಂಡು ಕೂತಿದ್ದವರು ಈ ಅಮ್ಮ. "ಮೆಲ್ಲಗೆ ತಳ್ರೋ, ನಾನೇನು ಕುಂಬಳಕಾಯಿನಾ?" ಸಂಜೆಯವರೆಗೂ ಶಾಲೆಯ ಗೇಟಿನಲ್ಲಿ ತಳ್ಳುಗಾಡಿಗಳ ಸಾಲು ಕರಗಲಿಲ್ಲ. ಗೂಡ್ಸ್ ಗಾಡಿ ಮಾತ್ರ ಅಲ್ಲೇ ನಿಂತಿತ್ತು, ಪೆದ್ದನ ಹಾಗೆ.

ಮರುದಿನ ಸ್ಟಾಫ್ ರೂಮಿನಲ್ಲಿ ನಾವೆಲ್ಲ ಬೀಗುತ್ತಿದ್ದೆವು. ಟೀಚರ್ ಬಂದು ಕೇಳಿದರು: "ಸರಿ, ನಿನ್ನೆ ಮತ ಹಾಕಿದ್ರಿ. ಇವತ್ತೇನು ಮಾಡ್ತೀರಿ?" ಡ್ರಿಲ್ ಮೇಷ್ಟ್ರು, "ಇವತ್ತು ಮೈಕೈ ನೋವಿಗೆ ಎಣ್ಣೆ ಹಚ್ಕೋತೀನಿ" ಎಂದರು. ಎಲ್ಲರೂ ನಕ್ಕೆವು, ಅವರೂ ನಕ್ಕರು. ಆದರೆ ಅವರು ತಮಾಷೆಗೆ ಕೇಳಿದ್ದಲ್ಲ. ಹೊಸ ಪುರಸಭೆಯ ಮೊದಲ ಸಭೆಗೇ ಮಕ್ಕಳೊಂದಿಗೆ ಹೋಗಿ ಗ್ಯಾಲರಿಯಲ್ಲಿ ಕೂತರು.

ಆಮೇಲೆ ಕಾಯಿಲೆ. ಉಸಿರು ಸಾಲುತ್ತಿರಲಿಲ್ಲ. ಗ್ಯಾಲರಿಯ ಮೆಟ್ಟಿಲು ಹತ್ತಲಾಗದೆ ಕೆಳಗಿನ ಬೆಂಚಿನಲ್ಲಿ ಕೂತು ಮಕ್ಕಳನ್ನು ಮೇಲೆ ಕಳಿಸುತ್ತಿದ್ದರು. ಆಮೇಲೆ ಬೆಂಚಿಗೂ ಬರಲಾಗಲಿಲ್ಲ. ಆಸ್ಪತ್ರೆಯಲ್ಲಿ ನನಗೆ ಹೇಳಿದರು: "ನಾನಿಲ್ಲ ಅಂತ ಅವರು ಹೋಗೋದು ಬಿಟ್ರೆ, ನಾನು ಕಲಿಸಿದ್ದು ಪೌರನೀತಿ ಅಲ್ಲ ಕಣೇ. ಬರೀ ನನ್ನ ಹಿಂದೆ ಬರೋದನ್ನ ಕಲಿಸಿದ್ದೀನಿ." ನನಗೆ ಉತ್ತರ ಗೊತ್ತಿರಲಿಲ್ಲ.

ಅವರು ಹೋದರು. ಸೇತುವೆಯ ವಿಷಯ ಕಳೆದ ವಾರ ಮತ್ತೆ ಸಭೆಗೆ ಬಂತು.

ಯಾರೂ ಬರಲಿಕ್ಕಿಲ್ಲ, ಅವರ ಪರವಾಗಿ ನಾನಾದರೂ ಒಬ್ಬಳು ಕೂರೋಣ ಎಂದು ಹೋದೆ. ಮೆಟ್ಟಿಲ ಬುಡದಲ್ಲೇ ಜವಾನರು ಕೈ ಅಡ್ಡ ಹಿಡಿದರು. "ಜಾಗ ಇಲ್ಲ ಮೇಡಂ."

"ಏನು ಇಲ್ಲ?"

"ಜಾಗ. ಮೇಲೆ ಕಾಲಿಡೋಕೆ ಜಾಗ ಇಲ್ಲ. ಇಷ್ಟು ತಡವಾಗಿ ಬಂದ್ರೆ ಹೇಗೆ?"

ಆಹಾ! — ಕ್ಷಮಿಸಿ. ಜಾಗ ಇಲ್ಲ ಎಂಬ ಮಾತು ನನಗೆ ಎಂದೂ ಇಷ್ಟು ಸಂತೋಷ ಕೊಟ್ಟಿರಲಿಲ್ಲ.

ನುಗ್ಗಿದೆ. ಯಾರೂ ಅವರನ್ನು ಕರೆದುಕೊಂಡು ಬಂದಿರಲಿಲ್ಲ, ಅವರೇ ಬಂದಿದ್ದರು. ಮಿಲ್ಲಿನ ಪಾಳಿ ಬಿಟ್ಟು ಬಂದ ಹಳೆಯ ವಿದ್ಯಾರ್ಥಿಗಳು, ಅವರ ಅಮ್ಮಂದಿರು, ಮಡಿಲಲ್ಲಿ ಕೂಸುಗಳು. ಗ್ಯಾಲರಿಯಲ್ಲಿರುವವರು ಮಾತಾಡಬಾರದು, ಚಪ್ಪಾಳೆ ತಟ್ಟಬಾರದು, ನಿಯಮ. ಅಧ್ಯಕ್ಷರು ಹೇಳಿದರು: ಪರವಾಗಿರುವ ಸದಸ್ಯರು ಎದ್ದು ನಿಲ್ಲಬೇಕು. ಕೆಳಗೆ ಒಬ್ಬರು ಎದ್ದರು. ಇನ್ನೊಬ್ಬರು. ಮತ್ತೆ ಗೆದ್ದು ಬಂದಿದ್ದ ಆ ಕಾಲಿನ ಸದಸ್ಯರು ಮೇಲೆ ನಮ್ಮತ್ತ ನೋಡಿದರು, ಎದ್ದರು. ಆಗ ಚೀಲದ ಹುಡುಗಿ ನನ್ನ ಪಕ್ಕದಲ್ಲಿ ಎದ್ದಳು. ಅವಳಿಗೆ ಅಲ್ಲಿ ಮತವಿಲ್ಲ, ಸುಮ್ಮನೆ ಎದ್ದಳು. ಗ್ಯಾಲರಿಗೆ ಗ್ಯಾಲರಿಯೇ ಎದ್ದಿತು. ಒಂದು ಸದ್ದಿಲ್ಲ.

ನಿರ್ಣಯ ಗೆದ್ದಿತು. ಕಾಲುಸೇತುವೆ ಗೆದ್ದಿತು!

ನೆಲದ ಮೇಲೆ ಒಬ್ಬ ಮಾತ್ರ ಕೂತೇ ಇದ್ದ. ವಕೀಲ. ಕಣ್ಣು ತುಂಬಿತ್ತು, ಕೈ ಕಟ್ಟಿದ್ದ. "ಏನೋ ಇದು?" ಎಂದೆ ಪಿಸುಮಾತಿನಲ್ಲಿ. "ರೈಲಿನವರೇ ಕಟ್ಟಬೇಕು ಮೇಡಂ. ಟೀಚರ್‌ಗೋಸ್ಕರ ಎದ್ರೆ ಟೀಚರೇ ಬೈತಾರೆ" ಎಂದ. ಆಸ್ಪತ್ರೆಯಲ್ಲಿ ನನಗೆ ಸಿಗದಿದ್ದ ಉತ್ತರ ಅದು. ನಿಂತಿದ್ದವರಲ್ಲೂ ಅದಿತ್ತು, ಕೂತಿದ್ದವನಲ್ಲೂ ಅದಿತ್ತು.

ಸೇತುವೆ ಇನ್ನೂ ಕಟ್ಟಿಲ್ಲ. ಗೆದ್ದಿರುವುದು ನಿರ್ಣಯ. ಮುಂದಿನ ತಿಂಗಳೂ ಸಭೆ ಇದೆ, ಅಧ್ಯಕ್ಷರೇ, ಗ್ಯಾಲರಿಗೆ ಇನ್ನಷ್ಟು ಚಾಪೆ ಹಾಕಿಸಿ.

ಈಗ ತಾವೆಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಅಮ್ಮಾ, ನೀವು ಕೂತೇ ಇರಿ. ತಲೆ ತಗ್ಗಿಸುವುದು ಬೇಡ, ಅವರ ಚಿತ್ರದ ಕಡೆ ನೇರವಾಗಿ ನೋಡೋಣ. ವಕೀಲರೇ, ಇದನ್ನು ಮತಕ್ಕೆ ಹಾಕುತ್ತಿಲ್ಲ — ಏಳಿ.

ಒಂದು ನಿಮಿಷ, ಮೌನವಾಗಿ.