ಗುಡ್ಡದ ಮಾಪಕದ ಲೆಕ್ಕ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನನ್ನು ಬಾಯ್ತುಂಬ ಹೊಗಳಿದ ನಿರ್ದೇಶಕರೇ, ಹವಾಮಾನ ಇಲಾಖೆಯ ಹಿರಿಯರೇ, ಕೆಲಸ ಬಿಟ್ಟು ಬಂದಿರುವ ಸಭಿಕರೇ,

ಉಪಗ್ರಹ ಹೇಳುವ ಮಳೆಯನ್ನು ನೆಲದ ಮಳೆಮಾಪಕಗಳ ಅಳತೆಯ ಜೊತೆ ಆರು ವರ್ಷ ತಾಳೆ ನೋಡಿದ್ದಕ್ಕೆ ನನಗೆ ಈ ಸನ್ಮಾನ. ಉಪಗ್ರಹ ಮಳೆಯನ್ನು ಮುಟ್ಟುವುದಿಲ್ಲ, ಮೋಡ ನೋಡಿ ಅಂದಾಜು ಹೇಳುತ್ತದೆ. ಮೇಲಿರುವವರು ಹೇಳಿದ್ದನ್ನು ಕೆಳಗಿರುವವರು ಪರೀಕ್ಷಿಸಬಹುದಾದ ಒಂದೇ ಇಲಾಖೆ ನಮ್ಮದು. ನಗಬಹುದು, ನಿರ್ದೇಶಕರೂ ನಗುತ್ತಿದ್ದಾರೆ.

ಎಲ್ಲಕ್ಕಿಂತ ಚೆನ್ನಾಗಿ ತಾಳೆಯಾದದ್ದು ಗುಡ್ಡದ ಮೇಲಿನ ಕೇಂದ್ರ. ಅಲ್ಲಿ ಮಳೆ ಅಳೆಯುತ್ತಿದ್ದವನು ನನ್ನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ತಾನು ಓದು ಬಿಟ್ಟು ನನ್ನನ್ನು ಓದಿಸಿದವನು. ನೂರಾ ನಲವತ್ತು ಮೆಟ್ಟಿಲು ಹತ್ತಿ, ಬೆಳಿಗ್ಗೆ ಎಂಟೂವರೆಗೆ ಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು ನೋಡಬೇಕು. ನಾನು ಎಂಟಕ್ಕೇ ಫೋನ್ ಮಾಡುತ್ತಿದ್ದೆ.

“ಅಣ್ಣಾ, ಉಪಗ್ರಹ ಇಪ್ಪತ್ತೆರಡು ಮಿಲಿಮೀಟರ್ ಅಂತಿದೆ. ನಿಂದೆಷ್ಟು ನೋಡಿ ಹೇಳು.”

ಎಂಟೂವರೆಗೆ ಅವನ ಫೋನ್: “ಇಪ್ಪತ್ತೊಂದು ಕಣೇ.”

ದಿನಾ ಮಾತಾಡಲು ನಮಗಿದ್ದದ್ದು ಅದೊಂದೇ ನೆಪ. ಪರೀಕ್ಷೆಗೆ ಮೊದಲೇ ಉತ್ತರ ಹೇಳಿಕೊಡಬಾರದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವನು ನನ್ನ ಅಣ್ಣ ಅಲ್ಲವೇ?

ಗುಡ್ಡದಲ್ಲಿ ಮಳೆ ನೂರು ಮಿಲಿಮೀಟರ್ ದಾಟಿದರೆ ಕೆಳಗಿನ ಸೇತುವೆ ಮುಚ್ಚಬೇಕು. ಕಳೆದ ವರ್ಷದ ಆ ದಿನ ಉಪಗ್ರಹ ಹದಿನೆಂಟು ಎಂದಿತು. ಅಣ್ಣ ಹತ್ತೊಂಬತ್ತು ಎಂದ. ಸೇತುವೆ ಮುಚ್ಚಲಿಲ್ಲ. ಒಂಬತ್ತೂಕಾಲಿಗೆ ಆಸ್ಪತ್ರೆಯ ವ್ಯಾನು ಕೊಚ್ಚಿಹೋಯಿತು. ಒಳಗೆ ಇಬ್ಬರು ದಾದಿಯರು. ಒಬ್ಬಾಕೆ ಕೆಲಸಕ್ಕೆ ಸೇರಿ ಹನ್ನೊಂದು ದಿನವಾಗಿತ್ತು. ಗುಡ್ಡದ ಆಚೆ ಬದಿಯ ಮಾಪಕದಲ್ಲಿ ಆ ದಿನ ನೂರಾ ಅರವತ್ತು ಇತ್ತೆಂದು ಸಂಜೆ ಗೊತ್ತಾಯಿತು.

ಮರುದಿನ ನಾನೇ ಮೆಟ್ಟಿಲು ಹತ್ತಿದೆ. ಮಾಪಕದ ಬಾಯಲ್ಲಿ ಎಲೆ ಕೊಳೆತು ಗೊಬ್ಬರವಾಗಿತ್ತು. ಅಳತೆಯ ಗಾಜಿನಲ್ಲಿ ಜೇಡ ಬಲೆ ಕಟ್ಟಿತ್ತು. ಎರಡು ವರ್ಷದಿಂದ ಅಣ್ಣನಿಗೆ ಮಂಡಿನೋವು, ಹತ್ತಲು ಆಗುತ್ತಿರಲಿಲ್ಲ. ನಾನು ಹೇಳಿದ ಸಂಖ್ಯೆಗೆ ಒಂದು ಕೂಡಿಸಿ, ಇಲ್ಲವೇ ಒಂದು ಕಳೆದು ಬರೆಯುತ್ತಿದ್ದ. ನಾನು ಉಪಗ್ರಹವನ್ನು ಉಪಗ್ರಹದ ಜೊತೆಗೇ ತಾಳೆ ನೋಡಿದ್ದೆ.

“ಯಾಕಣ್ಣಾ ನನಗೆ ಹೇಳಲಿಲ್ಲ?”

“ತಾಳೆಯಾದಾಗೆಲ್ಲ ನೀನು ಎಷ್ಟು ಖುಷಿಪಡ್ತಿದ್ದೆ.”

ಸಂಖ್ಯೆ ಎಲ್ಲಿಂದ ಬಂತು ಎಂದು ವಿಚಾರಣೆಯಲ್ಲಿ ಕೇಳಿದರು. “ಮನಸ್ಸಿಗೆ ಬಂದದ್ದು ಬರೆದೆ” ಎಂದ ಅಣ್ಣ. ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ. ಮನಸ್ಸಿಗೆ ಬಂದದ್ದು ಉಪಗ್ರಹಕ್ಕೆ ಅಷ್ಟು ಚೆನ್ನಾಗಿ ಹೊಂದಿದ್ದು ಹೇಗೆಂದು ಯಾರೂ ಕೇಳಲಿಲ್ಲ. ನನ್ನ ವರದಿ ಅಷ್ಟರಲ್ಲಿ ಅಚ್ಚಾಗಿತ್ತು. ಅವನ ಕೆಲಸ ಹೋಯಿತು. ನನಗೆ ಈ ಫಲಕ ಬಂತು.

ಇವತ್ತು ಬೆಳಿಗ್ಗೆ ಅವನಿಗೆ, ಎಲ್ಲ ಹೇಳಿಬಿಡುತ್ತೇನೆ ಎಂದೆ. ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದವನು ತಲೆ ಎತ್ತಲಿಲ್ಲ.

“ಹೇಳಿದ್ರೆ ಆ ಹುಡುಗೀರು ಬರ್ತಾರಾ?”

“ಇಲ್ಲ.”

“ಮತ್ತೆ? ನೀನಾದ್ರೂ ಉಳ್ಕೋ.”

ಅಧ್ಯಕ್ಷರೇ, ಫಲಕ ಮೇಜಿನ ಮೇಲೇ ಇರಲಿ. ವಿಚಾರಣೆ ನಡೆಸಿದವರು ಎರಡನೇ ಸಾಲಿನಲ್ಲಿದ್ದಾರೆ. ಸ್ವಾಮಿ, ಆ ಸಂಖ್ಯೆಗಳು ಅವನ ಮನಸ್ಸಿಗೆ ಬಂದವಲ್ಲ, ನಾನು ಕೊಟ್ಟವು. ದಯವಿಟ್ಟು ಬರೆದುಕೊಳ್ಳಿ.

ಎದ್ದು ಹೋಗದೆ ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.