ಮೂರು ಪೆಟ್ಟು, ಆಮೇಲೊಂದು

ಸಂಜೆ ಹಿಡಿದ ಮಳೆ ಬಿಡುವ ಹಾಗೆ ಕಾಣಲಿಲ್ಲ. ಐವತ್ತು ವರ್ಷ ಮುಚ್ಚಿದ್ದ ಬೆಳ್ಳಿ ಗಣಿಯ ಬಾಯಿಯ ಗೋಡೆಯನ್ನು ಹೊಸ ಕಂಪನಿ ಮೊನ್ನೆ ಒಡೆಸಿತ್ತು. ಮಾರನೆಯ ಬೆಳಗ್ಗೆ ಒಳಗಿಳಿಯಬೇಕಿದ್ದ ನಾವು ಐದು ಜನ ಕೂಲಿಯವರು ಪಕ್ಕದ ತಗಡಿನ ಶೆಡ್ಡಿನಲ್ಲಿ ಮುದುಡಿ ಕೂತಿದ್ದೆವು. ಒಂದು ಕಾಲದಲ್ಲಿ ಅಲ್ಲೇ ಅದಿರು ಒಡೆದು ಆರಿಸುತ್ತಿದ್ದ, ಈಗ ಅಲ್ಲೇ ವಾಸವಿದ್ದ ಅಜ್ಜಿ ಒಲೆಗೆ ಸೌದೆ ತುರುಕಿ ನಮ್ಮನ್ನು ದುರುಗುಟ್ಟಿ ನೋಡಿದಳು.

"ಬೆಳ್ಳಿ ಅಂದ್ರೆ ಫಳಫಳ ಅಂತ ನಿಮಗೋಸ್ಕರ ಕಾಯ್ತಾ ಕೂತಿರುತ್ತೆ ಅಂದ್ಕೊಂಡ್ರೇನ್ರೋ? ನಿಮ್ಮ ತಲೆ! ಕರಿಬಂಡೆ ಮಧ್ಯೆ ಬೆಣಚುಕಲ್ಲಿನ ಬಿಳೀ ಪಟ್ಟೆ, ಅದರೊಳಗೆ ಬೂದುಬಣ್ಣದ ಸೀಸದ ಕಲ್ಲು, ಆ ಸೀಸದಲ್ಲಿ ಚಿಟಿಕೆ ಬೆಳ್ಳಿ... ಅಷ್ಟಕ್ಕೆ ನಮ್ಮ ತಾತನ ಕಾಲದಿಂದ ಬೆಟ್ಟದ ಹೊಟ್ಟೆ ಬಗೆದ್ರು. ಮೇಲಿನ ಬಂಡೆ ಬೀಳದ ಹಾಗೆ ಅಲ್ಲಲ್ಲಿ ಅದಿರಿನ ಕಂಬಗಳನ್ನ ಬಿಟ್ಕೊಂಡು ಹೋದ್ರು. ನನ್ನಣ್ಣನ ಕೆಲಸ ಏನು ಗೊತ್ತಾ? ಪಾಳಿ ಶುರುವಾಗೋ ಮುಂಚೆ ಸುತ್ತಿಗೇಲಿ ಮೇಲ್ಬಂಡೆ ಬಡಿದು ನೋಡೋದು. ಮೂರು ಪೆಟ್ಟು, ಸ್ವಲ್ಪ ತಡೆದು ಇನ್ನೊಂದು. ಅದು ಅವನ ರೂಢಿ. ಅಷ್ಟೊತ್ತು ಎಲ್ರೂ ಉಸಿರು ಬಿಗಿಹಿಡಿದು ನಿಲ್ಲೋರು. ಠಣ್ ಅಂದ್ರೆ ಬಂಡೆ ಗಟ್ಟಿ. ಧಪ್ ಅಂದ್ರೆ ಬಿರುಕು ಬಿಟ್ಟಿದೆ, ಯಾವ ದೊಡ್ಡ ಮನುಷ್ಯ ಹೇಳಿದ್ರೂ ಕಾಲಿಡೋ ಹಾಗಿಲ್ಲ.

"ಆಮೇಲೆ ಪಟ್ಟೆ ಮುಗೀತು. ಉಳಿದ ಬೆಳ್ಳಿ ಎಲ್ಲಿತ್ತು ಹೇಳಿ? ಆ ಕಂಬಗಳಲ್ಲಿ! ಮ್ಯಾನೇಜರ್ ಕಂಬಕ್ಕೇ ಕೈ ಹಾಕಿಸಿದ, ಹೊಟ್ಟೆಬಾಕ! ಅಣ್ಣ ಬಡಿದು ನೋಡಿ, 'ಧಪ್ ಅಂತಿದೆ ಸಾರ್, ಬೇಡ' ಅಂದ. ಮ್ಯಾನೇಜರ್ ನಕ್ಕುಬಿಟ್ಟು ತನ್ನ ಭಾವಮೈದನ ಕೈಗೆ ಬೇರೆ ಸುತ್ತಿಗೆ ಕೊಟ್ಟ. ಆ ಪುಣ್ಯಾತ್ಮ ಒಂದು ಸಲ ತಟ್ಟಿ, ಎಲ್ಲಾ ಸರಿಯಾಗಿದೆ ಅಂದ. ಹತ್ತು ಜನ ಒಳಗೆ ಹೋದ್ರು. ಅವರನ್ನ ವಾಪಸ್ ಕರ್ಕೊಂಡು ಬರ್ತೀನಿ ಅಂತ ಅಣ್ಣ ಹಿಂದೇನೇ ಓಡಿದ... ಬಂಡೆ ಕುಸಿದುಬಿಡ್ತು.

"ಎರಡು ದಿನ ಒಳಗಿಂದ ಸದ್ದು ಬಂತು ಕಣ್ರೋ! ಮೂರು... ತಡೆದು ಒಂದು. 'ನನ್ನಣ್ಣ ಬದುಕಿದಾನೆ, ಅಗೆಸಿ' ಅಂತ ಮ್ಯಾನೇಜರ್ ಕಾಲಿಗೆ ಬಿದ್ದೆ. 'ಅದು ಬಂಡೆ ಇಳಿಯೋ ಸದ್ದು ಕಣಮ್ಮ' ಅಂದ. ಅಗೆಸಿದ್ರೆ ಕಡಿದ ಕಂಬ ಕಣ್ಣಿಗೆ ಬೀಳುತ್ತಲ್ಲ, ಜೈಲು ಸೇರ್ತಾನಲ್ಲ! ಮೂರನೇ ದಿನ ಬಾಯಿಗೆ ಗೋಡೆ ಕಟ್ಟಿಸಿದ. ಗಾರೆ ಹೊತ್ತೋರು ಯಾರು? ಈ ಶೆಡ್ಡಿನ ಹೆಂಗಸ್ರು. ನಾನೂ ಹೊತ್ತೆ. ನನ್ನ ಕೈಗೆ ಹುಳ ಬೀಳ! ಹೊರಲ್ಲ ಅನ್ನೋಕೆ ಬಾಯಿರ್ಲಿಲ್ವಾ ನಂಗೆ?

"ಗೋಡೆ ಎದ್ದ ಮೇಲೂ ಬಡಿತ ನಿಲ್ಲಲಿಲ್ಲ. ವಾರ ಆಯ್ತು, ವರ್ಷ ಆಯ್ತು... ಅನ್ನ ನೀರಿಲ್ಲದೆ ಯಾವ ಮನುಷ್ಯ ವರ್ಷಗಟ್ಟಲೆ ಬಡೀತಾನೆ? ಮ್ಯಾನೇಜರ್ ಬಂಗಲೆ ಚಾವಣೀಲೂ ಶುರುವಾಯ್ತು. ಮಂಚ ಯಾವ ಕೋಣೆಗೆ ಎಳ್ಕೊಂಡು ಹೋದ್ರೂ ಸರಿಯಾಗಿ ಅವನ ನೆತ್ತಿ ಮೇಲೆ. ಕೊನೆಗೆ ಗಂಟುಮೂಟೆ ಕಟ್ಕೊಂಡು ಓಡಿದ, ಹಾಳಾದೋನು."

ನಮ್ಮಲ್ಲಿ ಹಿರಿಯವನು ಸಮಾಧಾನ ಹೇಳಲು ನೋಡಿದ. "ಈಗ ಗೋಡೆ ಒಡೆದಾಯ್ತಲ್ಲ ಅಜ್ಜಿ, ಅಣ್ಣಂಗೂ ಬಿಡುಗಡೆ ಸಿಕ್ಕಿರ್ಬೇಕು ಬಿಡಿ."

"ನಾಳೆ ನಿಮಗೆ ಕೊಟ್ಟಿರೋ ಕೆಲಸ ಏನು?"

"ಉಳಿದಿರೋ ಕಂಬ ಕಡಿಯೋದು."

ಅಜ್ಜಿ ಕೈಯಲ್ಲಿದ್ದ ಸೌದೆಯನ್ನು ನೆಲಕ್ಕೆ ಅಪ್ಪಳಿಸಿದಳು.

"ಬಿಡುಗಡೆ ಅಂತೆ! ಇವತ್ತು ಮಧ್ಯಾಹ್ನ ಗಣಿ ಬಾಯಲ್ಲಿ ನಿಂತಿದ್ದೆ. ಬಡೀತಾನೇ ಇದ್ದ. ಕಾಪಾಡಿ ಅನ್ನೋ ಬಡಿತ ಅಲ್ಲ ಅದು... ನಾಳೆ ನೀವು ನಿಲ್ಲೋ ಜಾಗದ ಮೇಲ್ಬಂಡೆ ನೋಡ್ತಿದ್ದ. ಮೂರು ಪೆಟ್ಟು, ಆಮೇಲೊಂದು. ನಾಲ್ಕೂ ಧಪ್ ಅಂದ್ವು. ಹೋಗೋದಾದ್ರೆ ಹೋಗಿ. ಈ ಸಲ ಮಾತ್ರ ಗಾರೆ ಹೊರೋಕೆ ನಾನು ಬರಲ್ಲ."